ವಿಂಡೋಸ್‌ಗೂ ಲಿನಕ್ಸ್‌ಗೂ ಒಂದೇ ಹೋಮ್ ಫೋಲ್ಡರ್: ಕೆಟ್ಟಾಗ ಎಲ್ಲಿಂದ ಹುಡುಕುವುದು?

ಎಲ್ಲರ ಹೋಮ್ ಫೋಲ್ಡರ್ ಒಂದೇ ಸರ್ವರ್‌ನಲ್ಲಿದೆ. ವಿಂಡೋಸ್‌ನಲ್ಲಿ ಲಾಗಿನ್ ಆದರೆ ಅದು ಎಚ್ ಡ್ರೈವ್ ಆಗಿ ಬರಬೇಕು. ಲಿನಕ್ಸ್‌ನಲ್ಲಿ ಲಾಗಿನ್ ಆದರೆ ಅವೇ ಫೈಲ್‌ಗಳು /ಹೋಮ್ ಒಳಗೆ ಕಾಣಬೇಕು. ನಡೆಯುವಷ್ಟು ದಿನ ಹಾಯಾಗಿ ನಡೆಯುತ್ತದೆ. ಕೆಟ್ಟಾಗ ತಲೆ ತಿನ್ನುತ್ತದೆ, ಯಾಕೆಂದರೆ ಪರದೆಯ ಮೇಲೆ ಬರುವುದು ಹೆಚ್ಚಾಗಿ ಒಂದೇ ಸಾಲು: ‘ಪರ್ಮಿಷನ್ ಡಿನೈಡ್’. ಪಾಸ್‌ವರ್ಡ್ ತಪ್ಪಿದರೂ ಅದೇ, ಯುಐಡಿ (ಲಿನಕ್ಸ್ ಪ್ರತಿ ಯೂಸರ್‌ಗೆ ಕೊಡುವ ಸಂಖ್ಯೆ) ಬೇರೆಯಾದರೂ ಅದೇ, ಎಸ್‌ಇಲಿನಕ್ಸ್ (ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಕಾವಲು) ತಡೆದರೂ ಅದೇ, ಲಾಗಿನ್ ಆದಾಗ ಗುರುತಿಗಾಗಿ ಸಿಗುವ ಟಿಕೆಟ್‌ನ ಅವಧಿ ಮುಗಿದರೂ ಅದೇ.

ಈ ಸಾಲು ಕಂಡ ತಕ್ಷಣ ಹಲವರ ಕೈ ಸಿಎಚ್‌ಮೋಡ್ 777 (ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಕಮ್ಯಾಂಡ್) ಕಡೆಗೆ ಹೋಗುತ್ತದೆ. ದಯವಿಟ್ಟು ಬೇಡ. ಒಬ್ಬರ ಹೋಮ್ ಎಲ್ಲರಿಗೂ ಬಯಲಾಗುತ್ತದೆ. ಅದೂ ಸಾಲದೆಂಬಂತೆ, ಬೇರೆಯವರೂ ಬರೆಯಬಹುದಾದ ಹೋಮ್ ಅನ್ನು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ) ನಂಬುವುದಿಲ್ಲ. ಹಾಗಾಗಿ ನಿನ್ನೆವರೆಗೆ ಸರಿಯಿದ್ದ ಕೀ ಲಾಗಿನ್ ಕೂಡ ನಿಲ್ಲುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸರ್ವರ್ ನಿಮ್ಮನ್ನು ಯಾರು ಅಂದುಕೊಂಡಿದೆ? ಇದಕ್ಕೆ ಉತ್ತರ ಸಿಕ್ಕರೆ ಬಹುಪಾಲು ಕೇಸ್‌ಗಳು ಅಲ್ಲೇ ಮುಗಿಯುತ್ತವೆ.

ಇಲ್ಲಿ ನಾನು ಇಟ್ಟುಕೊಂಡಿರುವ ಸೆಟಪ್ ಸಾಮಾನ್ಯವಾದದ್ದು. ಸರ್ವರ್ ಲಿನಕ್ಸ್. ವಿಂಡೋಸ್ ಕ್ಲೈಂಟ್‌ಗಳಿಗೆ ಸಾಂಬಾ ಮೂಲಕ ಶೇರ್; ವಿಂಡೋಸ್‌ನ ಫೈಲ್ ಹಂಚಿಕೆ ಭಾಷೆಯಾದ ಎಸ್‌ಎಂಬಿಯನ್ನು ಲಿನಕ್ಸ್‌ನಲ್ಲಿ ಆಡುವ ಸಾಫ್ಟ್‌ವೇರ್ ಅದು. ಲಿನಕ್ಸ್ ಕ್ಲೈಂಟ್‌ಗಳಿಗೆ ಎನ್‌ಎಫ್‌ಎಸ್ (ಯುನಿಕ್ಸ್ ಲೋಕದ ಫೈಲ್ ಹಂಚಿಕೆ) ಅಥವಾ ಸಿಐಎಫ್‌ಎಸ್ (ಲಿನಕ್ಸ್‌ನಿಂದ ಎಸ್‌ಎಂಬಿ ಶೇರ್ ಜೋಡಿಸುವ ರೀತಿ) ಮೌಂಟ್.

ಮೊದಲು ಸರ್ವರ್‌ನಲ್ಲೇ ಕೂತು ನೋಡಿ

ಸರ್ವರ್‌ಗೆ ಲಾಗಿನ್ ಆಗಿ. ಅಲ್ಲಿಂದಲೇ ಎಸ್‌ಎಂಬಿಕ್ಲೈಂಟ್ ಕಮ್ಯಾಂಡ್ ಬಳಸಿ ಲೋಕಲ್‌ಹೋಸ್ಟ್‌ನಲ್ಲಿರುವ (ಅಂದರೆ ಅದೇ ಸರ್ವರ್‌ನಲ್ಲಿರುವ) ಆ ಯೂಸರ್‌ನ ಶೇರ್‌ಗೆ ಹೋಗಿ. ಪಟ್ಟಿ ನೋಡಿದರೆ ಸಾಲದು, ಒಂದು ಚಿಕ್ಕ ಫೈಲ್ ಹಾಕಿ, ಅಳಿಸಿ. ಎರಡೂ ಆದರೆ ಸಾಂಬಾ, ಪಾಸ್‌ವರ್ಡ್, ಫೋಲ್ಡರ್ ಅನುಮತಿ ಎಲ್ಲ ಸರಿಯಿದೆ ಎಂದರ್ಥ. ತಪ್ಪು ನೆಟ್‌ವರ್ಕ್‌ನಲ್ಲೋ ಕ್ಲೈಂಟ್‌ನಲ್ಲೋ ಇದೆ. ಇಲ್ಲೇ ಆಗದಿದ್ದರೆ ವಿಂಡೋಸ್ ಕಂಪ್ಯೂಟರ್ ಮುಂದೆ ಕೂತು ಗುದ್ದಾಡುವುದು ಸುಮ್ನೆ ದಂಡ.

ಇಲ್ಲಿ ಇನ್ನೊಂದು ಲಾಭವಿದೆ. ವಿಂಡೋಸ್ ನುಂಗಿಹಾಕುವ ವಿವರವನ್ನು ಎಸ್‌ಎಂಬಿಕ್ಲೈಂಟ್ ನೇರವಾಗಿ ಹೇಳುತ್ತದೆ. ‘ಲಾಗಾನ್ ಫೇಲ್ಯೂರ್’ ಎಂದರೆ ನೀವು ಯಾರೆಂದು ಸರ್ವರ್ ಒಪ್ಪಿಲ್ಲ. ‘ಆಕ್ಸೆಸ್ ಡಿನೈಡ್’ ಎಂದರೆ ಸಾಮಾನ್ಯವಾಗಿ ಗುರುತು ಒಪ್ಪಿದೆ, ಒಳಗೆ ಬಿಡುತ್ತಿಲ್ಲ. ‘ಬ್ಯಾಡ್ ನೆಟ್‌ವರ್ಕ್ ನೇಮ್’ ಎಂದರೆ ಆ ಹೆಸರಿನ ಶೇರ್ ಸಿಕ್ಕಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ.

ವಿಂಡೋಸ್‌ಗೆ ಸರ್ವರೇ ಸಿಗುತ್ತಿಲ್ಲ

ಎರರ್ 53 ಅಥವಾ 80070035 ಎಂದು ಮುಗಿಯುವ ಕೋಡ್ ಬಂದರೆ ಪಾಸ್‌ವರ್ಡ್ ಬಗ್ಗೆ ಯೋಚಿಸುವುದೇ ಬೇಡ. ಮಾತು ಅಲ್ಲಿಯವರೆಗೆ ಹೋಗಿಯೇ ಇಲ್ಲ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು 445ನೇ ಪೋರ್ಟ್ ತೆರೆದಿದೆಯೇ ನೋಡಿ. ಪಿಂಗ್ ಬರುತ್ತಿದೆ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಪೋರ್ಟ್ ಮುಚ್ಚಿದ್ದರೆ ಸರ್ವರ್‌ನ ಫೈರ್‌ವಾಲ್‌ನಲ್ಲಿ ಸಾಂಬಾ ಸೇವೆಗೆ ದಾರಿ ಬಿಡಿ.

ಪೋರ್ಟ್ ತೆರೆದಿದ್ದರೆ ಮುಂದಿನ ಪರೀಕ್ಷೆ: ಒಮ್ಮೆ ಸರ್ವರ್ ಹೆಸರು ಹಾಕಿ, ಒಮ್ಮೆ ಐಪಿ ವಿಳಾಸ ಹಾಕಿ. ಐಪಿಯಲ್ಲಿ ಬಂದು ಹೆಸರಿನಲ್ಲಿ ಬರದಿದ್ದರೆ ಅನುಮಾನ ಎರಡೇ. ಒಂದು, ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್. ಇನ್ನೊಂದು, ಟಿಕೆಟ್ ಕೊಟ್ಟು ಗುರುತು ಸಾಬೀತು ಮಾಡುವ ಕರ್ಬರೋಸ್. ಡೊಮೇನ್‌ನಲ್ಲಿ (ಎಲ್ಲರ ಲಾಗಿನ್ ಒಂದೇ ಕಡೆ ನಿಭಾಯಿಸುವ ವ್ಯವಸ್ಥೆ) ಹೆಸರು ಹಾಕಿದಾಗ ವಿಂಡೋಸ್ ಕರ್ಬರೋಸ್ ಟಿಕೆಟ್ ಕೇಳುತ್ತದೆ, ಐಪಿ ಹಾಕಿದಾಗ ಸಾಮಾನ್ಯವಾಗಿ ಎನ್‌ಟಿಎಲ್‌ಎಂ ಎಂಬ ಹಳೆಯ ವಿಧಾನಕ್ಕೆ ಇಳಿಯುತ್ತದೆ. ಸರ್ವರ್‌ಗೆ ಡಿಎನ್‌ಎಸ್‌ನಲ್ಲಿ ಇನ್ನೊಂದು ಅಡ್ಡಹೆಸರು ಕೊಟ್ಟು, ಆ ಹೆಸರಿಗೆ ಎಸ್‌ಪಿಎನ್ (ಕರ್ಬರೋಸ್‌ಗೆ ಸೇವೆಯನ್ನು ಗುರುತಿಸುವ ಹೆಸರು) ನೋಂದಾಯಿಸದೆ ಬಿಟ್ಟಾಗ ಈ ಲಕ್ಷಣ ಕಾಣುವುದು ಜಾಸ್ತಿ.

‘ನೆಟ್‌ವರ್ಕ್’ ಪಟ್ಟಿಯಲ್ಲಿ ಸರ್ವರ್ ಕಾಣುತ್ತಿಲ್ಲ ಎಂಬ ದೂರು ಬೇರೆಯದು, ಅದು ದೋಷವೇ ಅಲ್ಲ. ಆ ಹಳೆಯ ಪಟ್ಟಿ ನಡೆಯುತ್ತಿದ್ದದ್ದು ಎಸ್‌ಎಂಬಿ 1ರ ಆಸರೆಯಲ್ಲಿ. 2017ರ ಮೇ ತಿಂಗಳಲ್ಲಿ ಎಸ್‌ಎಂಬಿ 1ರ ಮೂಲಕ ಹರಡುವ ವಾನಾಕ್ರೈ ರಾನ್ಸಮ್‌ವೇರ್ ಹಾವಳಿ ಎಬ್ಬಿಸಿತು. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಎಸ್‌ಎಂಬಿ 1 ಮೊದಲಿನಂತೆ ಪೂರ್ತಿಯಾಗಿ ಬರುವುದಿಲ್ಲ. ಸಾಂಬಾ ಕೂಡ 4.11ರಿಂದ ಅದನ್ನು ಡೀಫಾಲ್ಟ್ ಆಗಿ ಮುಚ್ಚಿದೆ. ವಿಳಾಸವನ್ನು ನೇರವಾಗಿ ಟೈಪ್ ಮಾಡಿ, ಪಟ್ಟಿಯನ್ನು ಮರೆತುಬಿಡಿ. ಪಟ್ಟಿಗೋಸ್ಕರ ಎಸ್‌ಎಂಬಿ 1 ಅನ್ನು ಮತ್ತೆ ಆನ್ ಮಾಡುವವರನ್ನು ಕಂಡರೆ ನನಗೆ ಭಯ.

ಕಂಪ್ಯೂಟರನ್ನು ವಿಂಡೋಸ್ 11ರ 24ಎಚ್2ಗೆ ಏರಿಸಿದ ಮರುದಿನ ಹಳೆಯ ಸ್ಟೋರೇಜ್ ಡಬ್ಬಿಯೊಂದು ಕೈಕೊಟ್ಟರೆ, ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ) ನೋಡಿ. ಆ ಆವೃತ್ತಿಯಲ್ಲಿ ಸೈನಿಂಗ್ ಡೀಫಾಲ್ಟ್ ಆಗಿ ಕಡ್ಡಾಯ.

ಪಾಸ್‌ವರ್ಡ್ ಸರಿಯಿದೆ, ಆದರೂ ಬಿಡುತ್ತಿಲ್ಲ

ಡೊಮೇನ್ ಇಲ್ಲದ ಸರ್ವರ್‌ನಲ್ಲಿ ಸಾಂಬಾಗೆ ತನ್ನದೇ ಪಾಸ್‌ವರ್ಡ್ ಪುಸ್ತಕ ಇರುತ್ತದೆ. ಲಿನಕ್ಸ್ ಪಾಸ್‌ವರ್ಡ್ ಬದಲಿಸಿದರೆ ಅದು ತಾನಾಗಿ ಬದಲಾಗುವುದಿಲ್ಲ. ಪಿಡಿಬಿಎಡಿಟ್ ಕಮ್ಯಾಂಡ್ ಕೊಡುವ ಪಟ್ಟಿಯಲ್ಲಿ ಆ ಯೂಸರ್ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಎಸ್‌ಎಂಬಿಪಾಸ್‌ಡಬ್ಲ್ಯೂಡಿಯಿಂದ ಸೇರಿಸಿ.

ಇನ್ನು ವಿಂಡೋಸ್ ಯಾವ ಹೆಸರು ಕಳಿಸುತ್ತಿದೆ ಎಂಬುದು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದವರ ಕಂಪ್ಯೂಟರ್ ಮೊದಲು ಆ ಇಮೇಲ್ ಹೆಸರನ್ನೇ ಮುಂದೆ ಮಾಡಬಹುದು. ಸರ್ವರ್‌ಗೆ ಆ ಹೆಸರು ಯಾರೋ ಏನೋ. ಲಾಗಿನ್ ಕೇಳಿದಾಗ ಸರ್ವರ್ ಹೆಸರು, ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಯೂಸರ್‌ನೇಮ್ ಎಂದು ಪೂರ್ತಿ ಕೊಡಿ. ಹಳೆಯ ಪಾಸ್‌ವರ್ಡ್ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿದ್ದರೆ ಅದನ್ನೂ ತೆಗೆಯಿರಿ.

ಎರರ್ 1219 ಬಂದರೆ, ಅದೇ ಸರ್ವರ್‌ಗೆ ಆ ಕಂಪ್ಯೂಟರ್ ಆಗಲೇ ಇನ್ನೊಂದು ಹೆಸರಿನಲ್ಲಿ ಹೋಗಿದೆ ಎಂದು. ಒಂದು ಸೆಷನ್‌ನಿಂದ ಒಂದು ಸರ್ವರ್‌ಗೆ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. ನೆಟ್ ಯೂಸ್ ಕೊಟ್ಟು ಹಳೆಯ ಸಂಪರ್ಕಗಳನ್ನು ನೋಡಿ, ಅಳಿಸಿ, ಮತ್ತೆ ಹೋಗಿ.

ಇದರಲ್ಲಿ ನಿಜವಾಗಿ ಮೋಸ ಮಾಡುವುದು ಸಾಂಬಾದ ‘ಮ್ಯಾಪ್ ಟು ಗೆಸ್ಟ್’ ಸೆಟ್ಟಿಂಗ್. ಅದು ‘ಬ್ಯಾಡ್ ಯೂಸರ್’ ಎಂದಿದ್ದರೆ, ಗೊತ್ತಿಲ್ಲದ ಹೆಸರಿನವರನ್ನು ಸಾಂಬಾ ತಳ್ಳಿಹಾಕುವುದಿಲ್ಲ. ಅತಿಥಿ ಎಂದು ಸದ್ದಿಲ್ಲದೆ ಒಳಗೆ ಕರೆಯುತ್ತದೆ. ಪಾಸ್‌ವರ್ಡ್ ಕೇಳುವ ಕಿಟಕಿಯೂ ಬರುವುದಿಲ್ಲ. ಸಾರ್ವಜನಿಕ ಶೇರ್ ತೆರೆಯುತ್ತದೆ, ಸ್ವಂತ ಹೋಮ್ ಮಾತ್ರ ತೆರೆಯುವುದಿಲ್ಲ. ಯೂಸರ್ ‘ಲಾಗಿನ್ ಆಗಿದೆ, ನನ್ನ ಫೋಲ್ಡರ್ ಮಾತ್ರ ಬರ್ತಿಲ್ಲ’ ಎನ್ನುತ್ತಾರೆ, ನಾವು ಫೋಲ್ಡರ್ ಅನುಮತಿ ಕೆದಕುತ್ತಾ ಕೂರುತ್ತೇವೆ. ಸರ್ವರ್‌ನಲ್ಲಿ ಎಸ್‌ಎಂಬಿಸ್ಟೇಟಸ್ ಕೊಟ್ಟರೆ ಯಾರು ಯಾವ ಹೆಸರಿನಲ್ಲಿ ಬಂದಿದ್ದಾರೆ ಎಂದು ತೋರಿಸುತ್ತದೆ. ಅಲ್ಲಿ ‘ನೋಬಡಿ’, ಅಂದರೆ ಅತಿಥಿ, ಎಂದಿದ್ದರೆ ಕಥೆ ಮುಗಿಯಿತು.

ಎರರ್ 67 (ಆ ಹೆಸರಿನ ಶೇರ್ ಸಿಕ್ಕಿಲ್ಲ) ಹೊಸ ಯೂಸರ್‌ಗಳಿಗೆ ಮಾತ್ರ ಬರುತ್ತಿದೆಯೇ? ಅವರು ಒಮ್ಮೆಯೂ ಲಿನಕ್ಸ್‌ಗೆ ಲಾಗಿನ್ ಆಗಿಲ್ಲ, ಹಾಗಾಗಿ ಫೋಲ್ಡರೇ ಹುಟ್ಟಿಲ್ಲ. ಸಾಂಬಾ ಸೆಟ್ಟಿಂಗ್‌ನ ‘ಹೋಮ್ಸ್’ ವಿಭಾಗ ಶೇರ್ ಹೆಸರನ್ನು ಬೇಕಾದಾಗ ತಯಾರಿಸುತ್ತದೆಯೇ ಹೊರತು ಫೋಲ್ಡರನ್ನಲ್ಲ. ಪ್ಯಾಮ್‌ನಲ್ಲಿ (ಲಿನಕ್ಸ್‌ನ ಲಾಗಿನ್ ನಿಯಮಗಳು) ಹೋಮ್ ಫೋಲ್ಡರ್ ಸೃಷ್ಟಿಸುವ ಎಂಕೆಹೋಮ್‌ಡಿರ್ ಹಾಕಿ, ಸಾಂಬಾದಲ್ಲಿ ‘ಒಬೇ ಪ್ಯಾಮ್ ರಿಸ್ಟ್ರಿಕ್ಷನ್ಸ್’ ಆನ್ ಮಾಡಿ.

ಸಂಖ್ಯೆಯ ಜಗಳ

ಬಹುಪಾಲು ತೊಂದರೆಯ ಬೇರು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಲಿನಕ್ಸ್ ಫೈಲ್‌ಸಿಸ್ಟಂಗೆ ಹೆಸರು ಗೊತ್ತಿಲ್ಲ, ಸಂಖ್ಯೆ ಗೊತ್ತು. ಫೈಲ್ ಪಟ್ಟಿ ಕೊಡುವ ಎಲ್‌ಎಸ್ ಕಮ್ಯಾಂಡ್ ತೋರಿಸುವ ಹೆಸರು ಆ ಕಂಪ್ಯೂಟರ್ ತನಗೆ ತಿಳಿದಂತೆ ಮಾಡಿದ ಅನುವಾದ ಅಷ್ಟೆ. ಮಾಮೂಲಿ ಎನ್‌ಎಫ್‌ಎಸ್‌ನಲ್ಲಿ, ಅಂದರೆ ‘ಸೆಕ್ ಸಿಸ್’ ಇದ್ದಾಗ, ಕ್ಲೈಂಟ್ ಹೇಳಿದ ಸಂಖ್ಯೆಯನ್ನು ಸರ್ವರ್ ಹಾಗೇ ನಂಬುತ್ತದೆ. ಈಗ ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಇಬ್ಬರು ಯೂಸರ್‌ಗಳನ್ನು ಬೇರೆ ಬೇರೆ ಕ್ರಮದಲ್ಲಿ ಸೇರಿಸಿದ್ದೀರಿ ಅಂದುಕೊಳ್ಳಿ. ಒಂದರಲ್ಲಿ ಮೊದಲನೆಯವರಿಗೆ 1000, ಇನ್ನೊಬ್ಬರಿಗೆ 1001. ಇನ್ನೊಂದರಲ್ಲಿ ತಿರುಗಾ ಮುರುಗಾ. ಫಲ? ನನ್ನ ಫೋಲ್ಡರ್ ನನಗೆ ಮುಚ್ಚಿದೆ, ಪಕ್ಕದವರ ಫೋಲ್ಡರ್ ಸರಾಗವಾಗಿ ತೆರೆಯುತ್ತದೆ. ಎರರ್ ಸಾಲಿನಲ್ಲಿ ಇದರ ಸುಳಿವೇ ಇರುವುದಿಲ್ಲ.

ಹಾಗಾಗಿ ಹೆಸರನ್ನು ನೋಡಬೇಡಿ. ಸರ್ವರ್‌ನಲ್ಲೂ ಕ್ಲೈಂಟ್‌ನಲ್ಲೂ ಐಡಿ ಕಮ್ಯಾಂಡ್ ಕೊಡಿ. ಎಲ್‌ಎಸ್‌ಗೆ ಎಲ್ ಜೊತೆ ಎನ್ ಸ್ವಿಚ್ ಸೇರಿಸಿ, ಆಗ ಹೆಸರಿನ ಬದಲು ಸಂಖ್ಯೆ ಬರುತ್ತದೆ. ಎರಡು ಕಡೆಯ ಸಂಖ್ಯೆ ಪಕ್ಕಪಕ್ಕ ಬರೆದುಕೊಳ್ಳಿ.

ಆಕ್ಟಿವ್ ಡೈರೆಕ್ಟರಿ (ಮೈಕ್ರೋಸಾಫ್ಟ್‌ನ ಡೊಮೇನ್ ವ್ಯವಸ್ಥೆ) ಇದ್ದರೆ ಈ ತಲೆನೋವು ಇರುವುದಿಲ್ಲ ಎಂದು ನಂಬುವವರಿದ್ದಾರೆ. ಇರುತ್ತದೆ, ವೇಷ ಬದಲಿಸಿಕೊಂಡು. ಸರ್ವರ್‌ನಲ್ಲಿ ವಿನ್‌ಬೈಂಡ್, ಕ್ಲೈಂಟ್‌ನಲ್ಲಿ ಎಸ್‌ಎಸ್‌ಎಸ್‌ಡಿ ಇದೆ ಅಂದುಕೊಳ್ಳಿ. ಡೊಮೇನ್ ಯೂಸರ್‌ಗಳಿಗೆ ಲಿನಕ್ಸ್ ಸಂಖ್ಯೆ ಕೊಡುವ ಸಾಧನಗಳು ಇವೆರಡೂ. ಡೊಮೇನ್‌ನಲ್ಲಿ ಯೂಸರ್‌ನ ಆರ್‌ಐಡಿ (ಡೊಮೇನ್ ಒಳಗಿನ ಕ್ರಮಸಂಖ್ಯೆ) 1104. ವಿನ್‌ಬೈಂಡ್‌ನ ಆರ್‌ಐಡಿ ಬ್ಯಾಕೆಂಡ್ ಅದನ್ನು ನೀವು ಕೊಟ್ಟ ಶ್ರೇಣಿಯ ಆರಂಭಕ್ಕೆ ಕೂಡಿಸುತ್ತದೆ. ಶ್ರೇಣಿ 100000ದಿಂದ ಶುರುವಾದರೆ ಯುಐಡಿ 101104. ಎಸ್‌ಎಸ್‌ಎಸ್‌ಡಿ ಬೇರೆ ಲೆಕ್ಕ ಹಾಕುತ್ತದೆ. ಡೊಮೇನ್‌ನ ಗುರುತು ಸಂಖ್ಯೆಯಾದ ಎಸ್‌ಐಡಿಯಿಂದ ಸಂಖ್ಯಾ ಶ್ರೇಣಿಯ ಒಂದು ತುಂಡು ಆರಿಸಿ ಅದಕ್ಕೆ ಆರ್‌ಐಡಿ ಕೂಡಿಸುತ್ತದೆ. 1432601104 ತರದ ಉದ್ದ ಸಂಖ್ಯೆ ಬರುತ್ತದೆ. ಎರಡರ ಕೊನೆಯಲ್ಲೂ 1104 ಇದೆ ನೋಡಿ. ಬಾಲ ಒಂದೇ, ತಲೆ ಬೇರೆ ಎಂದು ಕಂಡರೆ ಕಾರಣ ಇದೇ ಎಂದು ಹೆಚ್ಚುಕಡಿಮೆ ಖಚಿತ.

ವಿನ್‌ಬೈಂಡ್‌ನಲ್ಲಿ ಟಿಡಿಬಿ ಬ್ಯಾಕೆಂಡ್ ಇದ್ದರೆ ಬಾಲವೂ ಹೊಂದುವುದಿಲ್ಲ. ಯಾರು ಮೊದಲು ಬಂದರೋ ಅವರಿಗೆ ಮೊದಲ ಸಂಖ್ಯೆ. ಒಂದೊಂದು ಕಂಪ್ಯೂಟರ್‌ನಲ್ಲಿ ಒಂದೊಂದು ಲೆಕ್ಕ. ಹೋಮ್ ಹಂಚಿಕೊಳ್ಳುವ ಕಡೆ ಡೊಮೇನ್ ಯೂಸರ್‌ಗಳಿಗೆ ಇದನ್ನು ಬಳಸಲೇಬಾರದು.

ಸರಿಪಡಿಸಲು ಎರಡು ದಾರಿ. ಎಲ್ಲ ಕಡೆ ಒಂದೇ ಉಪಕರಣ, ಒಂದೇ ಶ್ರೇಣಿ. ಇಲ್ಲವೇ ಯುಐಡಿಯನ್ನು ಡೈರೆಕ್ಟರಿಯಲ್ಲೇ ಬರೆದಿಟ್ಟು, ವಿನ್‌ಬೈಂಡ್‌ನಲ್ಲಿ ಎಡಿ ಬ್ಯಾಕೆಂಡ್ ಹಾಕಿ, ಎಸ್‌ಎಸ್‌ಎಸ್‌ಡಿಯಲ್ಲಿ ಐಡಿ ಮ್ಯಾಪಿಂಗ್ ಆಫ್ ಮಾಡುವುದು. ನನಗೆ ಎರಡನೆಯದೇ ಇಷ್ಟ. ಕೆಲಸ ಜಾಸ್ತಿ, ಆದರೆ ಮುಂದೆ ಹೊಸ ತರದ ಕಂಪ್ಯೂಟರ್ ಬಂದರೂ ಸಂಖ್ಯೆ ಅಲುಗಾಡುವುದಿಲ್ಲ. ಬದಲಿಸಿದ ಮೇಲೆ ಎರಡೂ ಕಡೆಯ ಕ್ಯಾಶ್ ತೆರವು ಮಾಡಿ. ಸರ್ವರ್‌ನಲ್ಲಿ ಫೈಂಡ್ ಬಳಸಿ ಹಳೆಯ ಯುಐಡಿಯ ಫೈಲ್‌ಗಳನ್ನು ಮಾತ್ರ ಆರಿಸಿ ಮಾಲೀಕತ್ವ ಬದಲಿಸಿ. ಇಡೀ ಫೋಲ್ಡರ್ ಮೇಲೆ ಕಣ್ಣುಮುಚ್ಚಿ ಚೌನ್ ಓಡಿಸಬೇಡಿ.

ಕರ್ಬರೋಸ್ ಜೊತೆಗಿನ ಎನ್‌ಎಫ್‌ಎಸ್ 4ರಲ್ಲಿ ಎಲ್ಲ ಫೈಲ್‌ಗಳ ಮಾಲೀಕ ‘ನೋಬಡಿ’ ಅಥವಾ 65534 ಎಂದು ಕಂಡರೆ, ಹೆಸರು-ಸಂಖ್ಯೆ ಹೊಂದಿಸುವ ಐಡಿಮ್ಯಾಪ್‌ಡಿಯ ಸೆಟ್ಟಿಂಗ್ ಫೈಲ್‌ನ ಡೊಮೇನ್ ಹೆಸರು ಎರಡೂ ಕಡೆ ಒಂದೇ ಇದೆಯೇ ನೋಡಿ. ಸರಿಪಡಿಸಿದ ಮೇಲೂ ಹಳೆಯದೇ ತೋರಿಸುತ್ತದೆ, ಎನ್‌ಎಫ್‌ಎಸ್‌ಐಡಿಮ್ಯಾಪ್‌ಗೆ ಸಿ ಸ್ವಿಚ್ ಕೊಟ್ಟು ಕ್ಯಾಶ್ ಒರೆಸಬೇಕು.

ಅಂದಹಾಗೆ, ಕ್ಲೈಂಟ್‌ನಲ್ಲಿ ರೂಟ್ (ಸರ್ವಾಧಿಕಾರದ ಯೂಸರ್) ಆಗಿ ಹೋದರೂ ಹೋಮ್ ತೆರೆಯುವುದಿಲ್ಲ ಎಂಬುದು ದೋಷವಲ್ಲ. ಕ್ಲೈಂಟ್‌ನ ರೂಟ್‌ಗೆ ಸರ್ವರ್‌ನಲ್ಲಿ ಆ ಅಧಿಕಾರ ಕೊಡದ ರೂಟ್ ಸ್ಕ್ವಾಶ್ ತನ್ನ ಕೆಲಸ ಮಾಡುತ್ತಿದೆ. ಪರೀಕ್ಷೆಯನ್ನು ಯಾವಾಗಲೂ ಆ ಯೂಸರ್ ಆಗಿಯೇ ಮಾಡಿ.

ಬೆಳಿಗ್ಗೆ ಸರಿ, ಸಂಜೆ ಇಲ್ಲ

ಕರ್ಬರೋಸ್ ಮೌಂಟ್‌ನಲ್ಲಿ ದಿನವಿಡೀ ಚೆನ್ನಾಗಿದ್ದು ಸಂಜೆ ಹೊತ್ತಿಗೆ ಹೋಮ್ ಕೈಬಿಟ್ಟರೆ ಕೆಲಿಸ್ಟ್ ಕೊಟ್ಟು ಟಿಕೆಟ್ ನೋಡಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಟಿಕೆಟ್ ಆಯಸ್ಸು ಡೀಫಾಲ್ಟ್ ಆಗಿ 10 ಗಂಟೆ, ನವೀಕರಿಸಲು 7 ದಿನ ಅವಕಾಶ. ವಿಂಡೋಸ್ ತಾನೇ ನವೀಕರಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಯಾರಾದರೂ ಆ ಕೆಲಸ ವಹಿಸಿಕೊಳ್ಳಬೇಕು. ಎಸ್‌ಎಸ್‌ಎಸ್‌ಡಿಗೆ ನವೀಕರಣದ ಅಂತರ ಹೇಳಿಕೊಡದಿದ್ದರೆ ಅದು ಸುಮ್ಮನಿರುತ್ತದೆ.

ಇದರದ್ದೇ ತಮ್ಮ ಇನ್ನೊಂದು ದೋಷ. ಪಾಸ್‌ವರ್ಡ್ ಕೊಟ್ಟರೆ ಲಾಗಿನ್ ಆಗುತ್ತದೆ, ಎಸ್‌ಎಸ್‌ಎಚ್ ಕೀ ಕೊಟ್ಟರೆ ಆಗುವುದಿಲ್ಲ. ಕೀ ಪಟ್ಟಿ ಇರುವುದು ಹೋಮ್ ಒಳಗೆ. ಹೋಮ್ ತೆರೆಯಲು ಟಿಕೆಟ್ ಬೇಕು. ಟಿಕೆಟ್ ಸಿಗುವುದು ಪಾಸ್‌ವರ್ಡ್ ಕೊಟ್ಟ ಮೇಲೆ. ಕೀ ಪಟ್ಟಿಯನ್ನು ಹೋಮ್‌ನಿಂದ ಆಚೆ, ಲೋಕಲ್ ಡಿಸ್ಕ್‌ನಲ್ಲೋ ಡೈರೆಕ್ಟರಿಯಲ್ಲೋ ಇಡಿ. ಆಗಲೂ ಲಾಗಿನ್ ಆದ ಮೇಲೆ ಟಿಕೆಟ್ ಬೇಕೇ ಬೇಕು. ರಾತ್ರಿ ಓಡುವ ಕ್ರಾನ್ ಕೆಲಸಗಳಿಗೂ ಇದೇ ಗತಿ, ಅವಕ್ಕೆ ಕೀಟ್ಯಾಬ್ (ಪಾಸ್‌ವರ್ಡ್ ಕೇಳದೆ ಟಿಕೆಟ್ ಪಡೆಯುವ ಕೀ ಫೈಲ್) ಕೊಡಿ.

ಯಾರಿಗೂ ಟಿಕೆಟ್ ಸಿಗದಿದ್ದರೆ ಗಡಿಯಾರ ನೋಡಿ. 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕರ್ಬರೋಸ್ ಡೀಫಾಲ್ಟ್ ಆಗಿ ಒಪ್ಪುವುದಿಲ್ಲ.

ಸಂಖ್ಯೆ ಸರಿ, ಅನುಮತಿ ಸರಿ, ಆದರೂ ತಡೆ

ನೇಮ್‌ಐ ಕಮ್ಯಾಂಡ್‌ಗೆ ಎಲ್ ಸ್ವಿಚ್ ಕೊಟ್ಟು ಹೋಮ್‌ನ ಪೂರ್ತಿ ದಾರಿ ನೋಡಿ. ನಡುವಿನ ಯಾವುದೋ ಫೋಲ್ಡರ್‌ಗೆ ಎಕ್ಸಿಕ್ಯೂಟ್ ಅನುಮತಿ ಇಲ್ಲದಿರಬಹುದು. ಅದೂ ಸರಿಯಿದ್ದರೆ, ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್. ಸರ್ವರ್‌ನಲ್ಲಿ ‘ಸಾಂಬಾ ಎನೇಬಲ್ ಹೋಮ್ ಡಿರ್ಸ್’, ಕ್ಲೈಂಟ್‌ನಲ್ಲಿ ‘ಯೂಸ್ ಎನ್‌ಎಫ್‌ಎಸ್ ಹೋಮ್ ಡಿರ್ಸ್’ ಅಥವಾ ‘ಯೂಸ್ ಸಾಂಬಾ ಹೋಮ್ ಡಿರ್ಸ್’ ಎಂಬ ಸ್ವಿಚ್‌ಗಳಿವೆ. ಅನುಮಾನ ಬಂದರೆ ಒಂದು ನಿಮಿಷ ಎಸ್‌ಇಲಿನಕ್ಸ್ ಅನ್ನು ಪರ್ಮಿಸಿವ್‌ಗೆ (ತಡೆಯದೆ ದಾಖಲಿಸುವ ಸ್ಥಿತಿ) ಇಳಿಸಿ ನೋಡಿ. ತೆರೆಯಿತೇ? ಸರಿ, ಮತ್ತೆ ಏರಿಸಿ, ಬೇಕಾದ ಸ್ವಿಚ್ ಮಾತ್ರ ಶಾಶ್ವತವಾಗಿ ಆನ್ ಮಾಡಿ. ಇಳಿಸಿದ್ದನ್ನು ಹಾಗೇ ಬಿಟ್ಟು ಮನೆಗೆ ಹೋಗಬೇಡಿ.

ಸಿಐಎಫ್‌ಎಸ್ ಮೌಂಟನ್ನೇ ಲಿನಕ್ಸ್ ಹೋಮ್ ಮಾಡಿದಾಗ

ಸಾಧ್ಯವಿದ್ದರೆ ಮಾಡಬೇಡಿ. ವಿಂಡೋಸ್‌ಗೆ ಎಸ್‌ಎಂಬಿ, ಲಿನಕ್ಸ್‌ಗೆ ಎನ್‌ಎಫ್‌ಎಸ್, ಎರಡೂ ಒಂದೇ ಸರ್ವರ್‌ನಿಂದ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಸರ್ವರ್ ವಿಂಡೋಸ್ ಆಗಿದ್ದು ಬೇರೆ ದಾರಿ ಇಲ್ಲದಿದ್ದರೆ, ಹೋಮ್ ಲೋಕಲ್ ಆಗಿರಲಿ, ಶೇರ್ ಅದರೊಳಗಿನ ಒಂದು ಫೋಲ್ಡರ್‌ನಲ್ಲಿ ಮೌಂಟ್ ಆಗಲಿ.

ಹಟಕ್ಕೆ ಬಿದ್ದು ಮಾಡಿದರೆ ಬರುವ ತೊಂದರೆಗಳು ಹೀಗಿರುತ್ತವೆ. ಮೌಂಟ್ ಮಾಡುವಾಗಲೇ ಎರರ್ 112, ‘ಹೋಸ್ಟ್ ಈಸ್ ಡೌನ್’. ಹೋಸ್ಟ್ ಆರಾಮಾಗಿಯೇ ಇರುತ್ತದೆ. ಹೆಚ್ಚಾಗಿ ಎಸ್‌ಎಂಬಿ ಆವೃತ್ತಿ ಹೊಂದಿಲ್ಲ ಅಷ್ಟೆ, ‘ವರ್ಸ್’ ಆಯ್ಕೆ ನೋಡಿ. ಎರರ್ 13 ಬಂದರೆ ಡಿಮೆಸೇಜ್ (ಕರ್ನೆಲ್ ಸಂದೇಶಗಳ ಪಟ್ಟಿ) ಓದಿ, ನಿಜವಾದ ಕಾರಣ ಅಲ್ಲಿರುತ್ತದೆ. ಮೌಂಟ್ ಆದ ಮೇಲೆ ಎಲ್ಲ ಫೈಲ್‌ಗಳೂ ರೂಟ್‌ನದ್ದು ಎಂದು ತೋರಿಸಿದರೆ, ಯುಐಡಿ ಮತ್ತು ಜಿಐಡಿ (ಗುಂಪಿನ ಸಂಖ್ಯೆ) ಆಯ್ಕೆ ಕೊಟ್ಟಿಲ್ಲ. ಸಿಎಚ್‌ಮೋಡ್ ಎರರ್ ಕೊಡದೆ ಏನನ್ನೂ ಬದಲಿಸುವುದಿಲ್ಲ, ಯಾಕೆಂದರೆ ಆ ಅನುಮತಿಗಳು ಮೌಂಟ್ ಆಯ್ಕೆಯಿಂದ ಬಂದವು. ಎಸ್‌ಎಸ್‌ಎಚ್ ‘ಕೀ ಫೈಲ್ ಬಯಲಾಗಿದೆ’ ಎಂದು ಗೊಣಗುವುದೂ ಇದರಿಂದಲೇ. ಫೈಲ್ ಮೋಡ್ 0600, ಡಿರ್ ಮೋಡ್ 0700 ಕೊಡಿ. ಡೆಸ್ಕ್‌ಟಾಪ್ ಅರ್ಧಕ್ಕೇ ನಿಂತರೆ ಸಿಮ್‌ಲಿಂಕ್ (ಇನ್ನೊಂದು ಫೈಲ್‌ಗೆ ಕೈತೋರಿಸುವ ಫೈಲ್) ಮತ್ತು ಸಾಕೆಟ್ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ವಿಶೇಷ ಫೈಲ್) ಕಾರಣ. ಸಿಮ್‌ಲಿಂಕ್‌ಗೆ ‘ಎಂಎಫ್‌ಸಿಮ್‌ಲಿಂಕ್ಸ್’ ಇದೆ. ‘ಡೇಟಾಬೇಸ್ ಲಾಕ್ ಆಗಿದೆ’ ಎಂದು ಬ್ರೌಸರ್ ಅಳುತ್ತಿದ್ದರೆ ‘ನೋಬಿಆರ್‌ಎಲ್’ ಹಾಕಬಹುದು. ಆದರೆ ಅದು ಸರ್ವರ್‌ಗೆ ಲಾಕ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಎರಡು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಲಾಗಿನ್ ಆಗುವವರ ಬ್ರೌಸರ್ ಪ್ರೊಫೈಲ್ ಕೆಡುವುದು ಖಂಡಿತ ಸಾಧ್ಯ.

ಫೈಲ್ ಇದೆ, ಆದರೆ ಸರಿಯಾಗಿಲ್ಲ

ವಿಂಡೋಸ್‌ನಲ್ಲಿ ಒಂದು ಫೈಲ್‌ನ ಹೆಸರು ವಿಚಿತ್ರವಾಗಿ, ನಡುವೆ ಅಲೆಗೆರೆ ಇಟ್ಟುಕೊಂಡು ಕಂಡರೆ, ಲಿನಕ್ಸ್‌ನಲ್ಲಿ ಅದರ ಹೆಸರಿಗೆ ಕೋಲನ್ನೋ ಪ್ರಶ್ನೆ ಚಿಹ್ನೆಯೋ ಹಾಕಿದ್ದಾರೆ. ಸಮಯವನ್ನು ಹೆಸರಿನಲ್ಲಿ ಸೇರಿಸುವ ಸ್ಕ್ರೀನ್‌ಶಾಟ್ ಫೈಲ್‌ಗಳು ಇದಕ್ಕೆ ಪ್ರಸಿದ್ಧ. ಸಾಂಬಾದ ಕ್ಯಾಟಿಯಾ ಮಾಡ್ಯೂಲ್‌ನಿಂದ ಆ ಅಕ್ಷರಗಳನ್ನು ಬೇರೆಯದಕ್ಕೆ ಹೊಂದಿಸಬಹುದು. ಸಣ್ಣ-ದೊಡ್ಡ ಅಕ್ಷರದಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಫೈಲ್‌ಗಳಲ್ಲಿ ಒಂದು ತೆರೆಯುವುದೇ ಇಲ್ಲ. ಹೆಸರು ಬದಲಿಸುವುದೇ ಮದ್ದು.

ಸ್ಕ್ರಿಪ್ಟ್ ಇದ್ದಕ್ಕಿದ್ದಂತೆ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದರೆ ಯಾರೋ ಅದನ್ನು ವಿಂಡೋಸ್‌ನಲ್ಲಿ ತಿದ್ದಿ, ಸಾಲಿನ ಕೊನೆಯ ಗುರುತು ಬದಲಾಗಿದೆ. ಪ್ರೊಫೈಲ್ ಫೈಲ್‌ಗೆ ಹೀಗಾದರೆ ಲಾಗಿನ್‌ನಲ್ಲೇ ಎರರ್ ಸುರಿಯುತ್ತದೆ. ಡಾಸ್‌ಟುಯುನಿಕ್ಸ್ ಓಡಿಸಿ.

ಎಚ್ಚರ ಬೇಕಿರುವುದು ಒಂದೇ ಫೈಲನ್ನು ಎರಡೂ ಕಡೆಯಿಂದ ತೆರೆದಾಗ. ವಿಂಡೋಸ್ ಕ್ಲೈಂಟ್ ಓಪ್‌ಲಾಕ್ ಪಡೆದು ಬರಹವನ್ನು ತನ್ನ ಬಳಿಯೇ ಇಟ್ಟುಕೊಂಡಿರಬಹುದು. ಎನ್‌ಎಫ್‌ಎಸ್ ಕಡೆಗೆ ಅದರ ಸುದ್ದಿಯೇ ಇರುವುದಿಲ್ಲ. ಆ ಶೇರ್‌ಗೆ ಓಪ್‌ಲಾಕ್ ಆಫ್ ಮಾಡಿ. ವೇಗ ತಗ್ಗುತ್ತದೆ, ಆದರೆ ಹಳೆಯ ಬರಹ ಹೊಸದನ್ನು ಅಳಿಸುವ ಭಯ ಕಡಿಮೆಯಾಗುತ್ತದೆ. ವಿಂಡೋಸ್‌ನಲ್ಲಿ ಈಗಷ್ಟೇ ಹಾಕಿದ ಫೈಲ್ ಲಿನಕ್ಸ್‌ನಲ್ಲಿ ಕಾಣದಿದ್ದರೆ ಮಾತ್ರ ಸ್ವಲ್ಪ ಕಾಯಿರಿ. ಎನ್‌ಎಫ್‌ಎಸ್ ಕ್ಲೈಂಟ್ ಫೋಲ್ಡರ್ ಮಾಹಿತಿಯನ್ನು ಡೀಫಾಲ್ಟ್ ಆಗಿ 30ರಿಂದ 60 ಸೆಕೆಂಡ್ ಹಳೆಯದೇ ಇಟ್ಟುಕೊಳ್ಳಬಹುದು.

ಇನ್ನೂ ಸಿಗದಿದ್ದರೆ ಲಾಗ್

ಸಾಂಬಾವನ್ನು ನಿಲ್ಲಿಸದೆಯೇ ಎಸ್‌ಎಂಬಿಕಂಟ್ರೋಲ್‌ನಿಂದ ಲಾಗ್ ಮಟ್ಟವನ್ನು 3ಕ್ಕೆ ಏರಿಸಿ. ‘ಲಾಗ್ ಫೈಲ್’ ಸೆಟ್ಟಿಂಗ್‌ನಲ್ಲಿ %ಎಂ ಇದ್ದರೆ ಒಂದೊಂದು ಕ್ಲೈಂಟ್‌ಗೆ ಒಂದೊಂದು ಫೈಲ್ ಬರುತ್ತದೆ, ಹುಡುಕುವುದು ಸುಲಭ. ದೋಷ ಮತ್ತೆ ತೋರಿಸಲು ಯೂಸರ್‌ಗೆ ಹೇಳಿ, ಅದೇ ಕ್ಷಣದ ಸಾಲುಗಳನ್ನು ಓದಿ. ಮೊದಲು ಹುಡುಕಬೇಕಾದ್ದು ಎರರ್ ಸಾಲನ್ನಲ್ಲ, ಅದಕ್ಕಿಂತ ಮೇಲೆ ಸಾಂಬಾ ಆ ಯೂಸರ್‌ಗೆ ಯಾವ ಯುಐಡಿ ಕೊಟ್ಟಿತು ಎಂಬುದನ್ನು. ಕೆಲಸ ಮುಗಿದ ಮೇಲೆ ಮಟ್ಟವನ್ನು ಮೊದಲಿದ್ದಲ್ಲಿಗೆ ಇಳಿಸಿ. ಮರೆತರೆ ಲಾಗ್ ಬೆಳೆದು ಡಿಸ್ಕ್ ತುಂಬಬಹುದು. ಆಗ ಬರುವ ಮುಂದಿನ ದೂರು ‘ಫೈಲ್ ಸೇವ್ ಆಗ್ತಿಲ್ಲ’ ಎಂದಿರುತ್ತದೆ.